ಬೆಳಗ್ಗೆ ಐದಕ್ಕೆ ಬರೋ ಟೆಂಪೊ ಹತ್ತಬೇಡಿ

ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು. ಈಗ ಹಗಲು ರಾತ್ರಿ ಅನ್ನೋ ಲೆಕ್ಕ ಇಲ್ಲ, ಸೊಪ್ಪು ಹಾಕ್ತಾನೇ ಇರಬೇಕು. ನಿನ್ನೆ ರಾತ್ರಿ ಹನ್ನೊಂದಕ್ಕೆ ಕೊನೆಯ ಸೊಪ್ಪು ಹಾಕಿ, ಕೈ ತೊಳೆದು, ಜಗಲಿ ಮೇಲೆ ಕೂತಿದ್ದೆ. ಮಂಜು ಇಳಿದಿತ್ತು. ತಲೆ ಮೇಲೆ ವಿಮಾನ ಹೋಗೋ ಸದ್ದು ಕೇಳ್ತಿತ್ತು, ದೀಪ ಮಾತ್ರ ಕಾಣ್ತಿರಲಿಲ್ಲ. ಅದೇ ಹೊತ್ತಿಗೆ ಅಕ್ಕನ ಮಗ ಫೋನ್ ಮಾಡಿದ.

"ಮಾವ, ನಿಮ್ಮೂರಿಗೆ ಟೆಂಪೊ ಬಂದಿತ್ತಂತೆ, ನಿಜಾನಾ?"

ನಿಜ. ಸಂಜೆ ಬಂದಿತ್ತು. ಅರಳಿಕಟ್ಟೆ ಹತ್ತಿರ ನಿಲ್ಲಿಸಿ ಇಬ್ಬರು ಇಳಿದರು. ಏರ್‌ಪೋರ್ಟಿನಲ್ಲಿ ಲೋಡಿಂಗ್ ಕೆಲಸಕ್ಕೆ ಐವತ್ತು ಜನ ಹುಡುಗರು ಬೇಕು, ದಿನಕ್ಕೆ 900 ರೂಪಾಯಿ, ಊಟ ಬೇರೆ, ಬೆಳಗ್ಗೆ ಐದಕ್ಕೆ ಗಾಡಿ ಬರುತ್ತೆ ಅಂತ ಹೇಳಿ ಹೋದರು. ಎಷ್ಟು ದಿನದ ಕೆಲಸ ಅಂದರೆ "ನೋಡೋಣ" ಅಂದರು. ಯಾಕೆ ಒಮ್ಮೆಲೇ ಐವತ್ತು ಜನ ಅಂದರೆ ಉತ್ತರ ಕೊಡಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ಅಕ್ಕನ ಮಗನೂ ಅವನ ಜೊತೆಯವರೂ ನಾಲ್ಕು ದಿನದಿಂದ ಕಂಟ್ರಾಕ್ಟರ್ ಆಫೀಸಿನ ಗೇಟಿನ ಮುಂದೆ ಕೂತಿದ್ದಾರೆ. ಓಟಿ ದುಡ್ಡು ಐದು ತಿಂಗಳಿಂದ ಬಂದಿಲ್ಲ. ಪಿಎಫ್ ಅಂತ ಸಂಬಳದಲ್ಲಿ ಹಿಡಿದಿದ್ದಾರೆ, ಖಾತೆ ತೆಗೆದು ನೋಡಿದರೆ ಅಲ್ಲಿ ಜಮಾ ಆಗಿಲ್ಲ. ನಮ್ಮ ಹೋಬಳಿಯ ಹುಡುಗರೇ ಅರ್ಧ ಜನ ಇದ್ದಾರೆ ಅದರಲ್ಲಿ. ಅವರ ಜಾಗಕ್ಕೆ ಈಗ ನಮ್ಮೂರ ಹುಡುಗರನ್ನೇ ಕರೆಯೋಕೆ ಬಂದಿದ್ದಾರೆ.

ಇವತ್ತು ಬೆಳಗ್ಗೆ ಡೇರಿಯಲ್ಲಿ ಹಾಲು ಹಾಕುವಾಗ ಇದೇ ಮಾತು. ಮೂರು ಥರ ಮಾತು ಕೇಳಿದೆ. ಒಬ್ಬರು ಹೇಳಿದರು, "ನಮ್ಗೇನಣ್ಣ, ಅವರ ಜಗಳ ಅವರು ನೋಡ್ಕೊಳ್ಳಲಿ." ಇನ್ನೊಬ್ಬರು, "ವಿಮಾನದಲ್ಲಿ ಕೆಲಸ ಮಾಡೋರಿಗೆ ಏನ್ ಕಮ್ಮಿ, ಲಕ್ಷಗಟ್ಟಲೆ ತಗೊಂಡು ಸ್ಟ್ರೈಕ್ ಬೇರೆ ಮಾಡ್ತಾರೆ." ಮೂರನೆಯವರು ಗುಲಾಬಿ ಬೆಳೆಯೋರು, "ಇವರು ಕೂತ್ಕೊಂಡ್ರೆ ನಮ್ಮ ಹೂವಿನ ಬಾಕ್ಸು ಕೊಳೆಯುತ್ತೆ, ಅದನ್ನ ಕೇಳೋರ್ಯಾರು?"

ಮೂರಕ್ಕೂ ಅಲ್ಲೇ ಉತ್ತರ ಹೇಳೋಕೆ ಆಗಲಿಲ್ಲ, ಸೊಪ್ಪಿನ ಹೊತ್ತಾಗಿತ್ತು. ಅದಕ್ಕೆ ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲನೇ ಮಾತು ತಗೊಳ್ಳೋಣ. ಅವರ ಜಗಳ ಅವರು ನೋಡ್ಕೊಳ್ಳಲಿ ಅನ್ನೋ ಮಾತು ಹೊಸದಲ್ಲ. ವಿಮಾನದ ಕೆಲಸಗಾರರೇ ಒಬ್ಬರಿಗೊಬ್ಬರು ಹೀಗೆ ಅಂದುಕೊಂಡು ಏನು ಕಳಕೊಂಡರು ಅನ್ನೋದಕ್ಕೆ ಅಮೆರಿಕದ ಕಥೆ ಇದೆ.

1981ರ ಆಗಸ್ಟ್ 3. ಅಲ್ಲಿನ ಏರ್ ಟ್ರಾಫಿಕ್ ಕಂಟ್ರೋಲರ್‌ಗಳು, ಅಂದರೆ ಟವರಿನಲ್ಲಿ ಕೂತು ಯಾವ ವಿಮಾನ ಯಾವಾಗ ಇಳಿಯಬೇಕು ಅಂತ ಹೇಳೋರು, ಸುಮಾರು 13,000 ಜನ ಕೆಲಸ ಬಿಟ್ಟು ಹೊರಗೆ ಬಂದರು. ಅವರ ಸಂಘದ ಹೆಸರು ಪ್ಯಾಟ್ಕೋ. ಸಂಬಳ ಹೆಚ್ಚಿಸಿ, ವಾರಕ್ಕೆ 32 ಗಂಟೆ ಕೆಲಸ ಮಾಡಿ, ಈ ಒತ್ತಡದ ಕೆಲಸದಿಂದ ಬೇಗ ನಿವೃತ್ತಿ ಕೊಡಿ ಅಂತ ಅವರ ಬೇಡಿಕೆ. ಅವರು ಸರ್ಕಾರಿ ನೌಕರರು, ಮುಷ್ಕರ ಮಾಡೋದು ಅಲ್ಲಿನ ಕಾನೂನಿಗೆ ವಿರುದ್ಧ. ಅಧ್ಯಕ್ಷ ರೊನಾಲ್ಡ್ ರೇಗನ್ 48 ಗಂಟೆ ಗಡುವು ಕೊಟ್ಟರು. ಆಗಸ್ಟ್ 5ಕ್ಕೆ 11,345 ಜನರನ್ನ ಕೆಲಸದಿಂದ ತೆಗೆದರು. ಬರೀ ತೆಗೆದದ್ದಲ್ಲ, ಮತ್ತೆ ಆ ಕೆಲಸಕ್ಕೆ ಸೇರದ ಹಾಗೆ ನಿಷೇಧ ಹಾಕಿದರು. ಅದು ತೆರವಾಗಿದ್ದು 1993ರಲ್ಲಿ, ಕ್ಲಿಂಟನ್ ಬಂದ ಮೇಲೆ. ಅಷ್ಟು ಹೊತ್ತಿಗೆ ಎಷ್ಟೋ ಜನರ ವಯಸ್ಸೇ ಕಳೆದುಹೋಗಿತ್ತು.

ಇದರಲ್ಲಿ ನಾವು ಗಮನಿಸಬೇಕಾದ್ದು ಎರಡು. ಒಂದು, ಇದೇ ಪ್ಯಾಟ್ಕೋ ಸಂಘ 1980ರ ಚುನಾವಣೆಯಲ್ಲಿ ರೇಗನ್‌ಗೆ ಬೆಂಬಲ ಕೊಟ್ಟಿತ್ತು. ಬೇರೆ ಸಂಘಗಳೆಲ್ಲ ಹೆಚ್ಚುಕಮ್ಮಿ ಒಂದು ಕಡೆ ಇದ್ದರೆ ಇವರು ಇನ್ನೊಂದು ಕಡೆ ಹೋಗಿದ್ದರು. ರೇಗನ್ ಕೂಡ ಹಿಂದೆ ಸಿನಿಮಾ ನಟರ ಸಂಘದ ಅಧ್ಯಕ್ಷರಾಗಿ 1960ರಲ್ಲಿ ಮುಷ್ಕರ ನಡೆಸಿದವರು. ನಮ್ಮವನು ಗೆದ್ದಿದ್ದಾನೆ, ನಮ್ಮ ಕೆಲಸ ಆಗುತ್ತೆ ಅಂದುಕೊಂಡರು. ಆಗಲಿಲ್ಲ. ಓಟು ಕೇಳುವಾಗ ಹಸಿರು ಶಾಲು ಹಾಕ್ಕೊಂಡು ಬಂದು, ಗೆದ್ದ ಮೇಲೆ ಶಾಲು ಮಡಚಿಡೋರನ್ನ ನಾವೂ ನೋಡಿದ್ದೀವಲ್ಲ.

ಎರಡನೇದು ಇನ್ನೂ ಮುಖ್ಯ. ಆವತ್ತು ಪೈಲಟ್‌ಗಳು ವಿಮಾನ ಹಾರಿಸಿದರು. ಆಕಾಶ ಸುರಕ್ಷಿತವಾಗಿದೆ ಅಂತ ಪೈಲಟ್‌ಗಳ ಸಂಘವೇ ಹೇಳಿತು. ಮೆಕ್ಯಾನಿಕ್‌ಗಳು ಕೆಲಸಕ್ಕೆ ಹೋದರು. ಬ್ಯಾಗು ತುಂಬೋರು ತುಂಬಿದರು. ಸೂಪರ್‌ವೈಸರ್‌ಗಳನ್ನೂ ಮಿಲಿಟರಿಯವರನ್ನೂ ಟವರಿನಲ್ಲಿ ಕೂರಿಸಿದರು, ಕೆಲವೇ ದಿನದಲ್ಲಿ ಅರ್ಧಕ್ಕೂ ಹೆಚ್ಚು ವಿಮಾನ ಹಾರೋಕೆ ಶುರುವಾದವು. ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಎಲ್ಲ ಸಂಘಗಳೂ ಸೇರಿ ಲಕ್ಷಗಟ್ಟಲೆ ಜನರ ಮೆರವಣಿಗೆ ಮಾಡಿದರು, ಭಾಷಣ ಮಾಡಿದರು. ಆದರೆ ಯಾರೂ ಕೆಲಸ ನಿಲ್ಲಿಸಲಿಲ್ಲ. ಅಕ್ಟೋಬರ್‌ನಲ್ಲಿ ಸಂಘದ ಮಾನ್ಯತೆಯೇ ಹೋಯ್ತು. ಮೆರವಣಿಗೆಗೆ ಬಂದವರು ಗೇಟಿನ ಹತ್ತಿರ ನಿಂತಿದ್ದರೆ ಕಥೆ ಬೇರೆಯಾಗ್ತಿತ್ತು ಅಂತ ನನ್ನ ಅಭಿಪ್ರಾಯ.

ಸರಿ, ಕಂಟ್ರೋಲರ್‌ಗಳು ಹೋದರು, ಬೇರೆಯವರು ಉಳಿದರಾ? ನೋಡಿ. ಎರಡು ವರ್ಷ ಕಳೆದು 1983ರ ಆಗಸ್ಟ್‌ನಲ್ಲಿ ಕಾಂಟಿನೆಂಟಲ್ ಅನ್ನೋ ವಿಮಾನ ಕಂಪನಿಯ ಮೆಕ್ಯಾನಿಕ್‌ಗಳು ಮುಷ್ಕರಕ್ಕೆ ಕೂತರು. ಕಂಪನಿಯ ಪೈಲಟ್‌ಗಳು ಅವರನ್ನ ದಾಟಿಕೊಂಡು ಒಳಗೆ ಹೋಗಿ ವಿಮಾನ ಹಾರಿಸಿದರು. ಅವರ ಜಗಳ ಅವರದು ಅಂದರು. ಮುಂದಿನ ತಿಂಗಳೇ ಯಜಮಾನ ಫ್ರಾಂಕ್ ಲೊರೆಂಜೊ ಕಂಪನಿ ದಿವಾಳಿ ಅಂತ ಕೋರ್ಟಿಗೆ ಹೋಗಿ, ಇದ್ದ ಒಪ್ಪಂದಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಪೈಲಟ್‌ಗಳ ಸಂಬಳವನ್ನೂ ಅರ್ಧದ ಹತ್ತಿರಕ್ಕೆ ಇಳಿಸಿದರು. ಅಕ್ಟೋಬರ್‌ನಲ್ಲಿ ಪೈಲಟ್‌ಗಳೂ ಗಗನಸಖಿಯರೂ ಮುಷ್ಕರಕ್ಕೆ ಕೂತರು. ಆಗ ಬೇರೆಯವರು ಇವರನ್ನ ದಾಟಿ ಒಳಗೆ ಹೋದರು. 1985ರ ತನಕ ಕೂತರೂ ಗೆಲ್ಲಲಿಲ್ಲ.

1989ರಲ್ಲಿ ಅದೇ ಲೊರೆಂಜೊ ಕೈಯಲ್ಲಿದ್ದ ಈಸ್ಟರ್ನ್ ಕಂಪನಿಯಲ್ಲಿ ಮೆಕ್ಯಾನಿಕ್‌ಗಳು ಮಾರ್ಚ್ 4ರಂದು ಕೂತಾಗ ಪೈಲಟ್‌ಗಳೂ ಗಗನಸಖಿಯರೂ ಅವರ ಜೊತೆ ನಿಂತರು. ಬುದ್ಧಿ ಬಂದಿತ್ತು. ಆದರೆ ನವೆಂಬರ್ ಹೊತ್ತಿಗೆ ಪೈಲಟ್‌ಗಳು ಹಿಂದೆ ಸರಿದರು, 1991ರ ಜನವರಿಯಲ್ಲಿ ಕಂಪನಿಯೇ ಮುಚ್ಚಿಹೋಯ್ತು. ಜೊತೆಗೆ ನಿಂತರೆ ಯಾವಾಗಲೂ ಗೆಲುವು ಅಂತ ನಾನು ಸುಳ್ಳು ಹೇಳಲ್ಲ. ತಡವಾಗಿ ನಿಂತರೆ ಹೀಗೂ ಆಗುತ್ತೆ.

ವಿಮಾನದ ಹೊರಗೂ ಇದು ಹರಡಿತು. ಸರ್ಕಾರವೇ ಕೆಲಸಗಾರರನ್ನ ತೆಗೆದು ಬೇರೆಯವರನ್ನ ಇಟ್ಟುಕೊಂಡ ಮೇಲೆ ಖಾಸಗಿಯವರಿಗೆ ಧೈರ್ಯ ಬಂತು. 1983ರಲ್ಲಿ ಅರಿಝೋನಾದ ತಾಮ್ರದ ಗಣಿಯಲ್ಲಿ ಇದನ್ನೇ ಮಾಡಿದರು. ಸಾವಿರ ಜನಕ್ಕಿಂತ ಹೆಚ್ಚು ಸೇರಿದ ಮುಷ್ಕರಗಳು ಅಮೆರಿಕದಲ್ಲಿ 1970ರಲ್ಲಿ 381 ನಡೆದಿದ್ದವು. 2009ರಲ್ಲಿ ನಡೆದದ್ದು ಬರೀ 5. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ 1981ರ ಆ ಎರಡು ದಿನವನ್ನ ಅಲ್ಲಿನ ಕೆಲಸಗಾರರು ಇವತ್ತಿಗೂ ಮರೆತಿಲ್ಲ.

ಇನ್ನು ಎರಡನೇ ಮಾತು. ಲಕ್ಷಗಟ್ಟಲೆ ಸಂಬಳ. ಅಣ್ಣ, ವಿಮಾನದಲ್ಲಿ ಪೈಲಟ್ ಒಬ್ಬನೇ ಇರೋದಲ್ಲ. ಬ್ಯಾಗು ಎತ್ತೋ ನನ್ನ ಅಕ್ಕನ ಮಗ ಇದ್ದಾನೆ. ಕಸ ಗುಡಿಸೋ ನಿಮ್ಮ ಪಕ್ಕದೂರಿನ ಹೆಣ್ಣುಮಕ್ಕಳಿದ್ದಾರೆ. ಒಳಗೆ ನಗುತ್ತಾ ನೀರು ಕೊಡೋ ಹುಡುಗಿ ಇದ್ದಾಳೆ.

ಆ ಹುಡುಗಿಯ ವಿಷಯ ಕೇಳಿ. ಕೆನಡಾದಲ್ಲಿ 2025ರ ಆಗಸ್ಟ್ 16ರಂದು ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನ ಸಿಬ್ಬಂದಿ ಮುಷ್ಕರ ಮಾಡಿದರು. ದೊಡ್ಡ ಬೇಡಿಕೆ ಏನು ಗೊತ್ತಾ? ನೆಲದ ಮೇಲೆ ಮಾಡೋ ಕೆಲಸಕ್ಕೂ ಕೂಲಿ ಕೊಡಿ ಅಂತ. ವಿಮಾನ ಚಲಿಸೋಕೆ ಶುರುವಾದ ಮೇಲೆ ಮಾತ್ರ ಅವರ ಗಂಟೆ ಲೆಕ್ಕ. ಅದಕ್ಕೆ ಮುಂಚೆ ಜನರನ್ನ ಹತ್ತಿಸೋದು, ವಯಸ್ಸಾದವರನ್ನ ಕೂರಿಸೋದು, ಸುರಕ್ಷತೆ ಪರೀಕ್ಷೆ ಮಾಡೋದು, ಎಲ್ಲ ಪುಕ್ಕಟೆ.

ಇದನ್ನ ಓದಿದಾಗ ನನಗೆ ನನ್ನ ಹುಳದ ಮನೆ ನೆನಪಾಯ್ತು. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಗೂಡು ತೂಗಿ ದುಡ್ಡು ಕೊಡ್ತಾರೆ. ರಾತ್ರಿ ಹನ್ನೊಂದಕ್ಕೆ ಹಾಕಿದ ಸೊಪ್ಪಿಗೆ, ಬೆಳಗಿನ ಜಾವ ಎದ್ದು ಹುಳದ ಮನೆಗೆ ಬಿಸಿ ಮಾಡಿದ್ದಕ್ಕೆ, ಹೆಂಡತಿ ಕಸ ತೆಗೆದದ್ದಕ್ಕೆ ಲೆಕ್ಕ ಎಲ್ಲಿದೆ? ಕೈಯಿಂದ ಬಿದ್ದ ಕೆಲಸ ಯಾರ ಲೆಕ್ಕಕ್ಕೂ ಬರಲ್ಲ ಅನ್ನೋ ಸಂಕಟ ರೈತನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರುತ್ತೆ?

ಅಲ್ಲಿ ಮುಂದೆ ಏನಾಯ್ತು ಅಂದರೆ, ಮುಷ್ಕರ ಶುರುವಾಗಿ ಹನ್ನೆರಡು ಗಂಟೆ ಆಗೋ ಮುಂಚೆ ಸರ್ಕಾರ ಕಾನೂನಿನ ಒಂದು ಸೆಕ್ಷನ್ ಹಿಡಿದು ವಾಪಸ್ ಕೆಲಸಕ್ಕೆ ಹೋಗಿ ಅಂತ ಆದೇಶ ಹೊರಡಿಸಿತು. ಸಂಘ ಹೋಗಲ್ಲ ಅಂತು. ಜೈಲಿಗೆ ಹಾಕಿದರೂ ಸರಿ ಅಂತ ಅದರ ಅಧ್ಯಕ್ಷ ಹೇಳಿದರು. ಆಗಸ್ಟ್ 19ರ ಬೆಳಗ್ಗೆ ಒಪ್ಪಂದ ಆಯ್ತು, ನೆಲದ ಕೆಲಸಕ್ಕೂ ಸ್ವಲ್ಪ ಕೂಲಿ ಸಿಕ್ಕಿತು. ಸಂಬಳದ ಭಾಗ ಸಾಲದು ಅಂತ ಸದಸ್ಯರು ಆಮೇಲೆ ತಿರಸ್ಕರಿಸಿದರು, ಅದು ಬೇರೆ ಮಾತು. 1981ರಲ್ಲಿ ಎರಡು ದಿನದಲ್ಲಿ ಮುರಿದದ್ದು 2025ರಲ್ಲಿ ಮುರಿಯಲಿಲ್ಲ. ಯಾಕೆ ಅಂದರೆ ಒಳಗೆ ಬಿರುಕು ಇರಲಿಲ್ಲ, ಹೊರಗೆ ಬೇರೆ ಸಂಘಗಳು ಬೆನ್ನಿಗೆ ನಿಂತಿದ್ದವು.

ಮೂರನೇ ಮಾತು ಕಷ್ಟದ್ದು. ಹೂವಿನ ಬಾಕ್ಸು. ಇದನ್ನ ನಾನು ತಳ್ಳಿಹಾಕಲ್ಲ. ಪ್ರೇಮಿಗಳ ದಿನ ಹತ್ತಿರ ಇದೆ, ಗುಲಾಬಿಯವರಿಗೆ ವರ್ಷದ ದುಡ್ಡು ಈ ಎರಡು ವಾರದಲ್ಲೇ. ಬಾಕ್ಸು ನಿಂತರೆ ಸಾಲದ ಕಂತು ಯಾರೂ ಮುಂದೂಡಲ್ಲ. ಅದಕ್ಕೆ ನಾನೇ ಅಕ್ಕನ ಮಗನಿಗೆ ಹೇಳಿದ್ದೀನಿ, ಹೂವು ಹಣ್ಣಿನ ಗಾಡಿ ತಡೀಬೇಡ್ರಪ್ಪ, ರೈತರನ್ನ ಎದುರು ಹಾಕ್ಕೊಂಡ್ರೆ ನಿಮಗೇ ನಷ್ಟ ಅಂತ. ಒಪ್ಪಿದ್ದಾರೆ. ಮುಷ್ಕರ ಮಾಡೋರಿಗೂ ಈ ಜವಾಬ್ದಾರಿ ಇದೆ.

ಆದರೆ ವಿಮಾನ ನಿಲ್ಲೋದು ಮುಷ್ಕರದಿಂದ ಮಾತ್ರಾನಾ? 2025ರ ಡಿಸೆಂಬರ್ ಮೊದಲ ವಾರ ನೆನಪು ಮಾಡ್ಕೊಳ್ಳಿ. ದೇಶದ ಅತಿ ದೊಡ್ಡ ವಿಮಾನ ಕಂಪನಿಯ ಸಾವಿರಾರು ವಿಮಾನ ರದ್ದಾದವು. ಆಗ ಯಾರೂ ಮುಷ್ಕರ ಮಾಡಿರಲಿಲ್ಲ. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಗಬೇಕು, ರಾತ್ರಿ ಇಳಿಸೋದು ಆರರಿಂದ ಎರಡಕ್ಕೆ ಇಳಿಯಬೇಕು ಅಂತ ನಿಯಮ ಬಂದಿತ್ತು. ನಿಯಮ ಬರುತ್ತೆ ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳ ವ್ಯವಸ್ಥೆ ಇರಲಿಲ್ಲ. ಕೊನೆಗೆ ಆದದ್ದೇನು? ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲ ಮಾಡಿದರು. ಬೇಕಾದಷ್ಟು ಜನ ಇಡದೆ, ಇರೋರ ನಿದ್ದೆ ಕದ್ದು ಗಾಡಿ ಓಡಿಸಿದರೆ ಅದು ದಕ್ಷತೆ. ನಿದ್ದೆ ಕೊಡಿ ಅಂತ ಕೇಳಿದರೆ ಅದು ತೊಂದರೆ. ನಿದ್ದೆ ಇಲ್ಲದೆ ಟ್ರ್ಯಾಕ್ಟರ್ ಓಡಿಸಿದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದಕ್ಕೂ ಮುಂಚೆ 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಿಬ್ಬಂದಿ ಒಟ್ಟೊಟ್ಟಿಗೆ ಹುಷಾರಿಲ್ಲ ಅಂತ ರಜೆ ಹಾಕಿದರು. ಕಂಪನಿ 25 ಜನರನ್ನ ಕೆಲಸದಿಂದ ತೆಗೆಯಿತು. ಬಾಕಿಯವರು ಹೆದರಿ ಓಡಲಿಲ್ಲ. ದಿಲ್ಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆ ಆಯ್ತು, ಆ 25 ಜನರನ್ನೂ ವಾಪಸ್ ತಗೊಂಡರು. ಆ ಸಂಘ ಬಿಎಂಎಸ್‌ಗೆ ಸೇರಿದ್ದು. ಕೆನಡಾದ ಸಂಘ ಇನ್ನೊಂದು ಥರದ್ದು. ಬಾವುಟದ ಬಣ್ಣ ಯಾವುದೇ ಇರಲಿ, ತೆಗೆದವರನ್ನ ಬಿಟ್ಟುಕೊಡಲಿಲ್ಲ ಅನ್ನೋದು ಮುಖ್ಯ. ನಮ್ಮ ಹೋಬಳಿಯಲ್ಲಿ ಯಾವ ಪಕ್ಷದವನು ಅಂತ ಕೇಳಿ ಆಮೇಲೆ ಸಹಾಯ ಮಾಡೋ ಚಾಳಿ ಇದೆಯಲ್ಲ, ಅವರಿಗೆ ಹೇಳ್ತಿದ್ದೀನಿ.

ಈಗ ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಷ್ಕರಕ್ಕೆ ಮುಂಚೆ ನೋಟಿಸ್ ಕೊಡಬೇಕು, ಕೊಟ್ಟ 14 ದಿನದೊಳಗೆ ಕೆಲಸ ನಿಲ್ಲಿಸೋ ಹಾಗಿಲ್ಲ. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಅಕ್ಕನ ಮಗನ ಜೊತೆಯವರು ನೋಟಿಸ್ ಕೊಟ್ಟು, 14 ದಿನ ಕಾದು ಆಮೇಲೆ ಕೂತಿದ್ದಾರೆ. ಆ 14 ದಿನದಲ್ಲಿ ಯಾರೂ ಮಾತಿಗೆ ಕರೆಯಲಿಲ್ಲ. ಟೆಂಪೊ ಮಾತ್ರ ರೆಡಿ ಮಾಡ್ಕೊಂಡರು.

ನಮ್ಮ ಕಥೆಗೆ ಬರೋಣ. 2020ರ ನವೆಂಬರ್ 26ರಂದು ಪಂಜಾಬ್ ಹರಿಯಾಣದ ರೈತರು ದಿಲ್ಲಿಗೆ ಹೊರಟರಲ್ಲ, ಅದೇ ದಿನ ದೇಶದ ಕಾರ್ಮಿಕ ಸಂಘಗಳು ಮುಷ್ಕರ ಮಾಡಿದ್ದವು. ವರ್ಷ ಪೂರ್ತಿ ಗಡಿಯಲ್ಲಿ ಕೂತು ರೈತರು ಮೂರು ಕಾನೂನು ವಾಪಸ್ ಮಾಡಿಸಿದರು. ಇನ್ನೂ ಹತ್ತಿರ ಬನ್ನಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯ 1,777 ಎಕರೆ. ವಿಮಾನದ ಬಿಡಿಭಾಗ ಮಾಡೋ ಏರೋಸ್ಪೇಸ್ ಪಾರ್ಕಿಗೆ ಅಂತ ಕೇಳಿದ ಭೂಮಿ. 2022ರ ಏಪ್ರಿಲ್‌ನಲ್ಲಿ ಕೂತವರು 1,198 ದಿನ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡ್ತೀವಿ ಅಂದರು. ಆ ಹೋರಾಟದಲ್ಲಿ ರೈತ ಸಂಘದವರು ಮಾತ್ರ ಇದ್ದರಾ? ದಲಿತ ಸಂಘಟನೆಯವರು ಬಂದರು, ಕಾರ್ಮಿಕ ಸಂಘದವರು ಬಂದರು, ಒಂದು ಗುಂಟೆ ಭೂಮಿ ಇಲ್ಲದೋರೂ ಬಂದು ನಮ್ಮ ಜೊತೆ ಏಟು ತಿಂದರು. "ನಿಮ್ಮ ಜಮೀನು, ನಿಮ್ಮ ಜಗಳ" ಅಂತ ಅವರು ಹೇಳಿದ್ದರೆ?

ಇಷ್ಟು ಬರೆದ ಮೇಲೆ ಒಂದು ವಿಷಯ ಹೇಳದೆ ಇದ್ದರೆ ನಾನು ಕಳ್ಳ ಆಗ್ತೀನಿ.

ಕೆಲವು ವರ್ಷದ ಹಿಂದೆ ಟೊಮೆಟೊ ನೆಲ ಕಚ್ಚಿದಾಗ ನಮ್ಮ ಸುತ್ತಿನ ಹಳ್ಳಿಯವರು ಸೇರಿ ಮೂರು ದಿನ ಮಂಡಿಗೆ ಹಾಕೋದು ಬೇಡ ಅಂತ ತೀರ್ಮಾನ ಮಾಡಿದ್ದೆವು. ದೇವಸ್ಥಾನದ ಮುಂದೆ ಕೂತು ಮಾಡಿದ ತೀರ್ಮಾನ. ಎರಡನೇ ರಾತ್ರಿ ಯಾರೋ ಟೆಂಪೊ ತುಂಬಿದರು ಅಂತ ಆಮೇಲೆ ದೊಡ್ಡ ಗಲಾಟೆ ಆಯ್ತಲ್ಲ. ಆ ಟೆಂಪೊದಲ್ಲಿ 40 ಬಾಕ್ಸು ನನ್ನವು. ಹಣ್ಣು ಕೆಂಪಾಗಿತ್ತು, ಔಷಧಿ ಅಂಗಡಿಯ ಸಾಲ ಇತ್ತು, ನಾನೊಬ್ಬ ಹಾಕಿದರೆ ಏನಾಗುತ್ತೆ, ಬೇರೆ ಮಾಲು ಬರಲ್ಲ, ಒಳ್ಳೆ ರೇಟು ಸಿಗುತ್ತೆ ಅಂದುಕೊಂಡೆ. ಮಂಡಿಗೆ ಹೋಗಿ ನೋಡಿದರೆ ಪಕ್ಕದ ಊರಿನ ನಾಲ್ಕು ಟೆಂಪೊ ನನಗಿಂತ ಮುಂದೆ ನಿಂತಿದ್ದವು. ಅವರೂ ನನ್ನ ಹಾಗೇ ಯೋಚನೆ ಮಾಡಿದ್ದರು. ಬಾಕ್ಸಿಗೆ 40 ರೂಪಾಯಿ ಬಂತು. ಮುಷ್ಕರಕ್ಕೆ ಮುಂಚೆ 60 ಇತ್ತು. ಆ ವಿಷಯ ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ಬೈಯೋರು ಬೈಯಿರಿ.

ಅದಕ್ಕೇ ನಾಳೆ ಟೆಂಪೊ ಹತ್ತೋಕೆ ಯೋಚನೆ ಮಾಡ್ತಿರೋ ಹುಡುಗರನ್ನ ನಾನು ದ್ರೋಹಿ ಅನ್ನಲ್ಲ. ಅವರ ಮನೆಯ ಕಷ್ಟ ಗೊತ್ತು. ಬೈಕಿನ ಕಂತು, ತಂಗಿಯ ಫೀಸು, ಅಮ್ಮನ ಮಾತ್ರೆ. 900 ರೂಪಾಯಿ ದೊಡ್ಡದು. ಆದರೆ ತಮ್ಮಂದಿರಾ, ಈ 900 ನಿಮ್ಮ ಕೂಲಿ ಅಲ್ಲ. ಗೇಟಿನ ಮುಂದೆ ಕೂತೋರನ್ನ ಎಬ್ಬಿಸೋಕೆ ಕೊಡ್ತಿರೋ ದುಡ್ಡು. ಅವರು ಎದ್ದ ಮೇಲೆ 900 ಇರಲ್ಲ. ಅವರಿಗೆ ಕೊಡ್ತಿದ್ದಷ್ಟೇ ನಿಮಗೂ, ಓಟಿ ಇಲ್ಲ, ಪಿಎಫ್ ಹಿಡೀತಾರೆ, ಜಮಾ ಆಗಲ್ಲ. ಆರು ತಿಂಗಳಾದ ಮೇಲೆ ನೀವೇ ಅದೇ ಗೇಟಿನ ಮುಂದೆ ಕೂತಿರ್ತೀರಿ, ಟೆಂಪೊ ಆಗ ಇನ್ನೊಂದು ಊರಿಗೆ ಹೋಗುತ್ತೆ.

ಉಪದೇಶ ಸುಲಭ, ಹೊಟ್ಟೆ ತುಂಬಲ್ಲ. ಅದಕ್ಕೆ ನಾವು, ಜಮೀನು ಇರೋರು, ಏನಾದರೂ ಮಾಡಬೇಕು. ಇನ್ನು ನಾಲ್ಕು ದಿನದಲ್ಲಿ ನನ್ನ ಹುಳ ಹಣ್ಣಾಗ್ತವೆ. ಸೊಪ್ಪು ಕೊಯ್ಯೋಕೆ, ಚಂದ್ರಿಕೆಗೆ ಹುಳ ಬಿಡೋಕೆ ನನಗೆ ಆರು ಜನ ಬೇಕು. 900 ಕೊಡೋಕೆ ನನ್ನ ಕೈಲಿ ಆಗಲ್ಲ, 700 ಕೊಡ್ತೀನಿ, ಎರಡು ಹೊತ್ತು ಊಟ. ಕೆಲಸ ಇರೋರು ಇನ್ನೂ ಹತ್ತು ಜನ ಹೀಗೆ ಹೇಳಿದರೆ ಟೆಂಪೊ ಖಾಲಿ ಹೋಗುತ್ತೆ. ದ್ರಾಕ್ಷಿ ತೋಟದವರು, ಗುಲಾಬಿಯವರು, ರಾಗಿ ಒಕ್ಕಣೆ ಬಾಕಿ ಇರೋರು, ಎಷ್ಟು ಜನ ಬೇಕು ಅಂತ ಕೆಳಗೆ ಬರೀರಿ. ಸೊಗಡವರೆ ಇರೋರು ಒಂದೊಂದು ಬುಟ್ಟಿ, ರಾಗಿ ಇರೋರು ಹತ್ತು ಸೇರು ಕೊಟ್ಟರೆ ಗೇಟಿನ ಮುಂದೆ ಕೂತೋರಿಗೆ ಒಂದು ವಾರದ ಊಟ. ಚನ್ನರಾಯಪಟ್ಟಣದಲ್ಲಿ 1,198 ದಿನ ನಡೆದದ್ದು ಭಾಷಣದಿಂದ ಅಲ್ಲ, ಹಂಚಿಕೊಂಡ ಮುದ್ದೆಯಿಂದ.

ನಾಳೆ ಬೆಳಗ್ಗೆ ನಾಲ್ಕೂವರೆಗೆ ಸೊಪ್ಪು ಹಾಕಿ, ಐದಕ್ಕೆ ಅರಳಿಕಟ್ಟೆ ಹತ್ತಿರ ಬರ್ತೀನಿ. ಯಾರನ್ನೂ ತಡೆಯಲ್ಲ, ಜಗಳ ಮಾಡಲ್ಲ, ಟೆಂಪೊ ಮುಂದೆ ಮಲಗಲ್ಲ. ಸುಮ್ಮನೆ ನಿಂತಿರ್ತೀನಿ. ಹತ್ತಬೇಕು ಅನ್ನೋರು ನನ್ನ ಮುಖ ನೋಡಿ ಹತ್ತಲಿ. ಆವತ್ತು 40 ಬಾಕ್ಸು ಏರಿಸುವಾಗ ನನ್ನ ಮುಖ ನೋಡೋಕೆ ಅಲ್ಲಿ ಯಾರಾದರೂ ನಿಂತಿದ್ದರೆ, ಪ್ರಾಯಶಃ ನಾನು ಗಾಡಿ ವಾಪಸ್ ತಿರುಗಿಸ್ತಿದ್ದೆ.

ಬರೋರು ಬನ್ನಿ. ಟೀ ನನ್ನದು.